ವಸಿಲಿಕಿಯಲ್ಲಿ ಸಮುದ್ರ ಈಜು ಮತ್ತು ಜಲಕ್ರೀಡೆ

ವಸಿಲಿಕಿಯು ಗ್ರೀಸ್ ದೇಶದ ಅಯೋನಿಯನ್ ಸಮುದ್ರದಲ್ಲಿರುವ ಲೆಫ್ಕಾದಾ ದ್ವೀಪದ ದಕ್ಷಿಣ ಭಾಗದ ಒಂದು ಸಣ್ಣ ಬಂದರು ಊರು. ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ವಿಂಡ್‌ಸರ್ಫಿಂಗ್ ಕ್ರೀಡೆಗೆ ಈ ಊರು ಯುರೋಪಿನಲ್ಲಿ ಹೆಸರುವಾಸಿಯಾಗಿದೆ. ಕ್ರೀಡಾಪಟುಗಳನ್ನು ಇಲ್ಲಿಗೆ ಸೆಳೆಯುವ ಗಾಳಿಯೇ ಈಜುಗಾರರಿಗೆ ಇಲ್ಲಿನ ಮುಖ್ಯ ಅಪಾಯವೂ ಆಗಿದೆ.

ಗಾಳಿಯ ದಿನಚರಿ

ವಸಿಲಿಕಿಯ ಕೊಲ್ಲಿಯು ದಕ್ಷಿಣಕ್ಕೆ ತೆರೆದುಕೊಂಡಿದ್ದು, ಎರಡೂ ಬದಿಗಳಲ್ಲಿ ಬೆಟ್ಟಗಳಿವೆ. ಬೇಸಿಗೆಯ ಬೆಳಗಿನಲ್ಲಿ ಸಮುದ್ರದಿಂದ ದಡದ ಕಡೆಗೆ ಮಂದವಾದ ಗಾಳಿ ಬೀಸುತ್ತದೆ. ಮಧ್ಯಾಹ್ನ ಕಳೆದು ನೆಲ ಚೆನ್ನಾಗಿ ಕಾದ ಮೇಲೆ ವಾಯವ್ಯ ದಿಕ್ಕಿನ ಗಾಳಿಯು ಪಶ್ಚಿಮದ ಬೆಟ್ಟವನ್ನು ದಾಟಿ, ಇಳಿಜಾರಿನಲ್ಲಿ ವೇಗ ಪಡೆದು ಕೊಲ್ಲಿಯ ಮೇಲೆ ಎರಗುತ್ತದೆ. ಪ್ರವಾಸಿಗಳು ಇದಕ್ಕೆ 'ಎರಿಕ್' ಎಂದು ಹೆಸರಿಟ್ಟಿದ್ದಾರೆ. ಪಶ್ಚಿಮ ಬದಿಯ ಪೋಂತಿ ಎಂಬಲ್ಲಿ ಇದರ ರಭಸ ಹೆಚ್ಚು.

ಆದ್ದರಿಂದ ಈಜುಗಾರರಿಗೂ ಹೊಸಬ ಕಲಿಕೆಯವರಿಗೂ ಬೆಳಗಿನ ವೇಳೆ ಸೂಕ್ತ. ಅಪರಾಹ್ನವು ನುರಿತ ಹಾಯಿಗಾರರದು. ಅಪರಾಹ್ನದ ಗಾಳಿಯು ದಡಕ್ಕೆ ಅಡ್ಡಲಾಗಿ ಬೀಸುವುದರಿಂದ ಅದು ತೇಲುವ ವಸ್ತುವನ್ನು ಮರಳಿ ದಡಕ್ಕೆ ತಂದುಬಿಡುವುದಿಲ್ಲ, ಆಳದ ಕಡೆಗೆ ಒಯ್ಯಬಲ್ಲದು. ಗಾಳಿ ತುಂಬಿದ ಹಾಸಿಗೆ, ಟ್ಯೂಬು, ಮಕ್ಕಳ ಆಟಿಕೆ ದೋಣಿಗಳು ಈಜು ಬಾರದವರಿಗೆ ಹುಸಿ ಧೈರ್ಯವನ್ನು ಕೊಡುತ್ತವೆ. ಅಂತಹ ಹಾಸಿಗೆ ಕೈತಪ್ಪಿ ತೇಲಿಹೋದರೆ ಅದರ ಬೆನ್ನುಹತ್ತಬಾರದು. ಗಾಳಿ ಅದನ್ನು ಒಯ್ಯುವ ವೇಗಕ್ಕೆ ಉತ್ತಮ ಈಜುಗಾರನೂ ಸಮನಲ್ಲ.

ನೀರಿನಲ್ಲಿ

ಗ್ರೀಸಿನ ಕಡಲತೀರಗಳಲ್ಲಿ ಈಜುವ ಪ್ರದೇಶವನ್ನು ಸಾಮಾನ್ಯವಾಗಿ ತೇಲುಗುಂಡುಗಳ ಸಾಲಿನಿಂದ ಗುರುತಿಸಿರುತ್ತಾರೆ. ಅದರಾಚೆ ಮೋಟಾರು ದೋಣಿಗಳೂ ಹಾಯಿಹಲಗೆಗಳೂ ಓಡಾಡುತ್ತವೆ. ಅಲೆಗಳ ನಡುವೆ ಈಜುಗಾರನ ತಲೆ ಅವರ ಕಣ್ಣಿಗೆ ಬೀಳುವುದು ಕಷ್ಟ. ಆಚೆಗೆ ಹೋಗಲೇಬೇಕೆನ್ನುವವರು ಗಾಢ ಬಣ್ಣದ ಟೋಪಿ ಧರಿಸಿ, ಸೊಂಟಕ್ಕೆ ಕಟ್ಟಿಕೊಳ್ಳುವ ತೇಲುಚೀಲವನ್ನು ಒಯ್ಯಬೇಕು.

ಹಾಯಿ ಮುರಿದರೆ ಅಥವಾ ಕೈ ಸೋತರೆ ಹಲಗೆಯನ್ನು ಬಿಟ್ಟು ಈಜತೊಡಗುವುದು ದೊಡ್ಡ ತಪ್ಪು. ಹಲಗೆ ತೇಲುತ್ತದೆ, ದೂರಕ್ಕೂ ಕಾಣುತ್ತದೆ. ಅದರ ಮೇಲೆ ಕುಳಿತು ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಆಡಿಸುವುದು ಎಲ್ಲ ದೇಶಗಳಲ್ಲಿಯೂ ಅಂಗೀಕೃತವಾದ ಅಪಾಯ ಸಂಜ್ಞೆ.

ಬಂಡೆಗಳ ನಡುವೆ ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಜೀವಿಗಳಿರುವುದರಿಂದ ರಬ್ಬರ್ ಪಾದರಕ್ಷೆ ಅಗತ್ಯ.

ಕಡಿದಾದ ತೀರಗಳು

ದ್ವೀಪದ ಪಶ್ಚಿಮ ತೀರವು ಬಿಳಿಯ ಸುಣ್ಣಕಲ್ಲಿನ ಕಡಿದಾದ ಬಂಡೆಗಳಿಂದ ಕೂಡಿದೆ. 2015ರ ನವೆಂಬರ್ 17ರಂದು ಸಂಭವಿಸಿದ ಭೂಕಂಪದಲ್ಲಿ ಎಗ್ರೆಮ್ನಿ ಕಡಲತೀರದ ಮೇಲೆ ಬಂಡೆಗಳು ಕುಸಿದುಬಿದ್ದವು. ಇಂತಹ ತೀರಗಳಲ್ಲಿ ನೆರಳಿನ ಆಸೆಗೆ ಬಂಡೆಯ ಬುಡದಲ್ಲಿ ಕೂರುವುದು ತರವಲ್ಲ.

ನೈಋತ್ಯ ತುದಿಯ ಲೆಫ್ಕಾತಾಸ್ ಭೂಶಿರದಿಂದ ಕವಯಿತ್ರಿ ಸ್ಯಾಫೋ ಸಮುದ್ರಕ್ಕೆ ಹಾರಿದಳೆಂಬ ಐತಿಹ್ಯ ಪ್ರಸಿದ್ಧವಾದುದು. ಭೂಗೋಳಕಾರ ಸ್ಟ್ರಾಬೋ ಹೇಳುವ ಸಂಗತಿ ಅದಕ್ಕಿಂತ ಸ್ವಾರಸ್ಯಕರ. ಅಪೊಲೊ ದೇವರ ವಾರ್ಷಿಕ ವಿಧಿಯಲ್ಲಿ ಒಬ್ಬ ಅಪರಾಧಿಯನ್ನು ಇಲ್ಲಿಂದ ಕೆಳಕ್ಕೆ ತಳ್ಳುತ್ತಿದ್ದರು. ಬೀಳುವ ರಭಸ ತಗ್ಗಲೆಂದು ಅವನಿಗೆ ರೆಕ್ಕೆಗಳನ್ನೂ ಹಕ್ಕಿಗಳನ್ನೂ ಕಟ್ಟುತ್ತಿದ್ದರು. ಕೆಳಗೆ ಸಣ್ಣ ದೋಣಿಗಳಲ್ಲಿ ಜನ ಸುತ್ತಲೂ ಕಾದಿದ್ದು ಅವನನ್ನು ಎತ್ತಿಕೊಂಡು ಗಡಿಯಾಚೆ ಬಿಡುತ್ತಿದ್ದರು. ಶಿಕ್ಷೆಗೆ ಗುರಿಯಾದವನಿಗೂ ಕಾವಲು ದೋಣಿಯಿತ್ತೆಂಬುದು ಗಮನಾರ್ಹ.

ತುರ್ತು ಕರೆ

ಗ್ರೀಸಿನಲ್ಲಿ ಕರಾವಳಿ ಕಾವಲು ಪಡೆಯ ತುರ್ತು ದೂರವಾಣಿ ಸಂಖ್ಯೆ 108, ಆಂಬುಲೆನ್ಸಿಗೆ 166. ಯುರೋಪಿನ ಸಾಮಾನ್ಯ ತುರ್ತು ಸಂಖ್ಯೆಯಾದ 112ಕ್ಕೂ ಕರೆ ಮಾಡಬಹುದು. ಮುಳುಗುತ್ತಿರುವವರನ್ನು ಕಂಡವರು ತಾವೇ ನೀರಿಗೆ ಧುಮುಕುವ ಬದಲು ಕರೆ ಮಾಡಿ, ತೇಲುವ ಏನನ್ನಾದರೂ ಅವರತ್ತ ಎಸೆದು, ಅವರ ಮೇಲಿನ ದೃಷ್ಟಿ ತಪ್ಪದಂತೆ ನೋಡಿಕೊಳ್ಳಬೇಕು.