ಡ್ರೈವರ್‌ಗೆ ಬಾರದ ವಾಂತಿ ಪೈಲಟ್ ಹುಡುಗನಿಗೆ ಯಾಕೆ?

ಹಂಪಿ ಬಜಾರಿನಿಂದ ಹೊಸಪೇಟೆಗೆ ಬಂದು ಸಂಡೂರು ಬಸ್ ಹತ್ತಿದವರಿಗೆ ಈ ಪಾಡು ಗೊತ್ತು. ಗುಡ್ಡದ ತಿರುವು ಶುರುವಾದದ್ದೇ ತಡ, ಹಿಂದಿನ ಸೀಟಿನವರು ಕಿಟಕಿಗೆ ಮುಗಿಬೀಳುತ್ತಾರೆ. ಒಬ್ಬರ ಕೈಯಲ್ಲಿ ನಿಂಬೆಹಣ್ಣು, ಇನ್ನೊಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಕವರ್. ಡ್ರೈವರ್ ಮಾತ್ರ ಆರಾಮಾಗಿರ್ತಾರೆ!

ಹಾಗಾದರೆ ವಿಮಾನ ಓಡಿಸೋರಿಗೂ ವಾಂತಿ ಬರಬಾರದಲ್ಲ? ಬರುತ್ತೆ ಸ್ವಾಮಿ. ಕಲಿಯೋ ಹುಡುಗ-ಹುಡುಗಿಯರಿಗೆ ಮೊದಮೊದಲ ಹಾರಾಟದಲ್ಲಿ ಧಾರಾಳವಾಗಿಯೇ ಬರುತ್ತೆ. ವಾಯುಪಡೆ ಸೇರಿದ ಗಟ್ಟಿಗರೂ ಇದಕ್ಕೆ ಹೊರತಲ್ಲ.

ತಪ್ಪು ಹೊಟ್ಟೆಯದಲ್ಲ. ಕಿವಿಯ ಒಳಭಾಗದಲ್ಲಿ ನೀರು ತುಂಬಿದ ಮೂರು ಬಾಗಿದ ನಾಳಗಳಿವೆ. ತಲೆ ತಿರುಗಿದಾಗ ಆ ನೀರು ಅಲುಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ವಿಮಾನ ಗಿರಕಿ ಹೊಡೆಯುವಾಗ ಕಿವಿ ‘ತಿರುಗ್ತಾ ಇದೀವಿ’ ಅನ್ನುತ್ತದೆ. ಎದುರಿನ ಮೀಟರುಗಳನ್ನೇ ನೋಡುತ್ತಿರುವ ಕಣ್ಣು ‘ಇದ್ದಲ್ಲೇ ಇದೀವಿ’ ಅನ್ನುತ್ತದೆ. ಇವರಿಬ್ಬರ ಜಗಳಕ್ಕೆ ದಂಡ ತೆರೋದು ಪಾಪ, ಹೊಟ್ಟೆ. ಬಸ್ ಡ್ರೈವರ್ ಕಣ್ಣು ರಸ್ತೆ ಮೇಲಿರುತ್ತೆ, ತಿರುವು ಎಲ್ಲಿ ಅನ್ನೋದು ಮೊದಲೇ ಗೊತ್ತಿರುತ್ತೆ. ಅದಕ್ಕೇ ಬಚಾವ್. ಕಲಿಯೋ ಹುಡುಗನ ಜೊತೆ ಗುರು ಕೂತು ವಿಮಾನ ತಿರುಗಿಸುವಾಗ ಅವನೂ ಒಬ್ಬ ಪ್ಯಾಸೆಂಜರೇ.

ಬಸ್ಸಿನವರು ಅವೋಮಿನ್ ನುಂಗಿ ನಿದ್ದೆ ಹೊಡೀಬಹುದು. ಪೈಲಟ್ ಹಾಗೆ ಮಾಡುವಂತಿಲ್ಲ. ಆ ಮಾತ್ರೆ ಮಂಪರು ತರುತ್ತೆ. ಒಬ್ಬನೇ ಹಾರುವಾಗ ತೂಕಡಿಸಿದರೆ ಎಬ್ಬಿಸೋಕೆ ಅಲ್ಲಿ ಕಂಡಕ್ಟರ್ ಇರೋಲ್ಲ! ಅಪಾಯ ಇರೋದು ಮುಚ್ಚಿಡುವುದರಲ್ಲಿ. ಅಪ್ಪ ಹೊಲ ಅಡವಿಟ್ಟು ಫೀಸು ಕಟ್ಟಿರುತ್ತಾನೆ. ವಾಂತಿ ವಿಷಯ ಬಾಯಿ ಬಿಟ್ಟರೆ ಮನೆಗೆ ಕಳಿಸ್ತಾರೆ ಅನ್ನೋ ಭಯಕ್ಕೆ ಹುಡುಗ ಗುಟ್ಟಾಗಿ ಮಾತ್ರೆ ನುಂಗಿದರೆ ಅವನ ಜೀವವೂ ಹೋದೀತು, ಕೆಳಗಿದ್ದವರ ಜೀವವೂ ಹೋದೀತು.

ಹೇಳಿಕೊಂಡವರಿಗೆ ದಾರಿ ಇದೆ. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಶುರುವಾದದ್ದು 1957ರಲ್ಲಿ. ಗಗನಯಾನಕ್ಕೆ ಆಯ್ಕೆಯಾದ ಪೈಲಟ್‌ಗಳ ವೈದ್ಯಕೀಯ ಪರೀಕ್ಷೆ 2019ರಲ್ಲಿ ನಡೆದದ್ದೂ ಇಲ್ಲೇ. ವಾಂತಿ ಬಿಡದ ವಾಯುಪಡೆ ಹುಡುಗರಿಗೆ ಇಲ್ಲಿ ಕೊಡುವ ಮದ್ದು ತಿರುಗುವ ಕುರ್ಚಿ. ಕೂರಿಸಿ ನಿಧಾನಕ್ಕೆ ತಿರುಗಿಸುತ್ತಾರೆ, ತಲೆ ಆ ಕಡೆ ಈ ಕಡೆ ವಾಲಿಸು ಅನ್ನುತ್ತಾರೆ. ಹೊಟ್ಟೆ ತೊಳೆಸಿದರೆ ನಿಲ್ಲಿಸುತ್ತಾರೆ. ಆಮೇಲೆ ಮತ್ತೆ ಕೂರಿಸಿ ಇನ್ನಷ್ಟು ಜೋರು. ಉಸಿರು ಹತೋಟಿಗೆ ತರೋದು, ಮೈ ಸಡಿಲ ಬಿಡೋದು ಇದೂ ಪಾಠವೇ. ಹೀಗೆ ಮಾಡ್ತಾ ಮಾಡ್ತಾ ಮಿದುಳು ಕಣ್ಣು-ಕಿವಿಯ ಜಗಳಕ್ಕೆ ಒಗ್ಗಿಹೋಗುತ್ತದೆ. ಆದರೆ ಬಹಳ ದಿನ ಹಾರದೆ ಕೂತರೆ ಹಳೇ ರೋಗ ವಾಪಸ್ ಬರೋದುಂಟು. ಎಷ್ಟು ತಿರುಗಿಸಿದರೂ ಒಗ್ಗದವರು ಕೆಲವರು ಇದ್ದೇ ಇರುತ್ತಾರೆ.

1984ರ ಏಪ್ರಿಲ್‌ನಲ್ಲಿ ಸೋವಿಯತ್ ರಾಕೆಟ್ ಹತ್ತಿದ ರಾಕೇಶ್ ಶರ್ಮಾ ಬಾಹ್ಯಾಕಾಶದಲ್ಲಿ ಯೋಗಾಸನ ಹಾಕಿದ್ದು ಫೋಟೊಕ್ಕಲ್ಲ. ತೂಕವಿಲ್ಲದ ಜಾಗದಲ್ಲಿ ಮೈಗೆ ಆಗೋ ತೊಂದರೆಗೆ ಯೋಗ ಆಗಿಬರುತ್ತಾ ಅಂತ ನೋಡೋಕೆ.

ಸಂಡೂರು ಬಸ್ಸಿನವರಿಗೆ ತಿರುಗೋ ಕುರ್ಚಿ ಬೇಕಿಲ್ಲ. ಮುಂದಿನ ಸೀಟು ಹಿಡೀರಿ, ದೂರದ ಗುಡ್ಡ ನೋಡ್ರಿ, ಹೊಟ್ಟೆ ಬಿರಿಯ ಮಿರ್ಚಿ-ಮಂಡಕ್ಕಿ ತಿಂದು ಹತ್ತಬೇಡ್ರಿ. ಈ ಪೇಪರ್ ಊರು ಸೇರಿದ ಮೇಲೆ ಬಿಚ್ಚಿದರಾಯ್ತು.