ಸಾವಿರ ಮೈಲಿ ಓಟ, ಒಂದು ನಿಮಿಷದ ನೋಟ: ಅಲಾಸ್ಕಾದ ನಾಯಿಬಂಡಿ ರೇಸ್ ಯಾರದ್ದು?

ಕ್ರಿಕೆಟ್ ಅಭಿಮಾನಿಗೆ ಸ್ಟೇಡಿಯಂ ಇದೆ, ಫುಟ್‌ಬಾಲ್ ಅಭಿಮಾನಿಗೆ ಗ್ಯಾಲರಿ ಇದೆ. ಅಲಾಸ್ಕಾದ ಇಡಿಟರಾಡ್ ಅಭಿಮಾನಿಗೆ ಇರೋದು ಹಿಮ, ಕತ್ತಲು ಮತ್ತು ಕಾಯುವ ಕೆಲಸ. ಪ್ರತಿ ಮಾರ್ಚ್‌ನಲ್ಲಿ ಆಂಕರೇಜ್ ನಗರದಿಂದ ಬೇರಿಂಗ್ ಸಮುದ್ರದ ದಡದ ನೋಮ್ ಪಟ್ಟಣದವರೆಗೆ ಸುಮಾರು 1,600 ಕಿ.ಮೀ. ಉದ್ದಕ್ಕೆ ನಡೆಯುವ ಓಟ ಇದು. ಒಂದು ಸ್ಲೆಡ್, ಅಂದರೆ ಹಿಮದ ಮೇಲೆ ಜಾರುವ ಬಂಡಿ. ಅದನ್ನು ಎಳೆಯಲು ಹದಿನಾಲ್ಕೋ ಹದಿನಾರೋ ನಾಯಿಗಳು (ಈ ಮಿತಿ ಆಗಾಗ ಬದಲಾಗಿದೆ). ಹಿಂದೆ ನಿಂತು ಓಡಿಸುವ ಒಬ್ಬ ಮನುಷ್ಯ. ಅವರನ್ನು ಮಷರ್ ಅಂತ ಕರೀತಾರೆ. ಗೆಲ್ಲುವವರಿಗೆ ಸಾಮಾನ್ಯವಾಗಿ ಎಂಟರಿಂದ ಹತ್ತು ದಿನ ಬೇಕು. ದಾರಿಯಲ್ಲಿ ನಿಂತ ಅಭಿಮಾನಿಗೆ ಒಂದು ತಂಡ ಕಣ್ಣಿಗೆ ಬೀಳೋದು ಹೆಚ್ಚೆಂದರೆ ಒಂದು ನಿಮಿಷ.

ಹಾಗಿದ್ದರೆ ಅಲ್ಲಿನ ಜನ ಇದನ್ನು ಫಾಲೋ ಮಾಡೋದು ಹೇಗೆ? ಇದಕ್ಕೆ ಉತ್ತರ ಹುಡುಕಿದರೆ ಸಿಗೋದು ಬರೀ ಕ್ರೀಡೆಯ ಕಥೆ ಅಲ್ಲ. ಹವಾಮಾನ, ಮೀನು, ರೇಡಿಯೊ, ಪ್ರಾಣಿ ಹಕ್ಕು, ಮೂಲನಿವಾಸಿ ರಾಜಕಾರಣ ಎಲ್ಲ ಒಂದೇ ದಾರಿಯಲ್ಲಿ ಬರುತ್ತವೆ.

ಚುಕ್ಕೆ ನಿಂತಿದೆ ಅಂದರೆ ಸೋತಂತಲ್ಲ

ಈಗ ಪ್ರತಿ ಸ್ಲೆಡ್‌ನಲ್ಲೂ ಜಿಪಿಎಸ್ ಟ್ರ್ಯಾಕರ್ ಇರುತ್ತೆ. ಮನೆಯಲ್ಲಿ ಕೂತವರಿಗೆ ನಕ್ಷೆಯ ಮೇಲೆ ತೆವಳುವ ಚುಕ್ಕೆಗಳೇ ರೇಸ್. ಮೊದಲ ಸಲ ನೋಡುವವರು ಮುಂದಿರುವ ಚುಕ್ಕೆಯೇ ಗೆಲ್ಲುತ್ತೆ ಅಂದುಕೊಳ್ತಾರೆ. ಹಾಗಲ್ಲ. ಇದು ಓಡುವ ಸ್ಪರ್ಧೆ ಎಷ್ಟೋ, ವಿಶ್ರಾಂತಿಯ ಲೆಕ್ಕಾಚಾರವೂ ಅಷ್ಟೇ.

ನಿಯಮದ ಪ್ರಕಾರ ಪ್ರತಿಯೊಬ್ಬರೂ ದಾರಿಯ ಯಾವುದಾದರೂ ಒಂದು ಚೆಕ್‌ಪಾಯಿಂಟ್‌ನಲ್ಲಿ 24 ಗಂಟೆ ನಿಲ್ಲಲೇಬೇಕು. ಯೂಕಾನ್ ನದಿಯ ಮೇಲೆ ಒಮ್ಮೆ 8 ಗಂಟೆ, ಕೊನೆಗೆ ನೋಮ್‌ಗೆ ಸುಮಾರು 124 ಕಿ.ಮೀ. ಇರುವಾಗ ವೈಟ್ ಮೌಂಟನ್ ಎಂಬ ಹಳ್ಳಿಯಲ್ಲಿ ಮತ್ತೆ 8 ಗಂಟೆ. ತಂಡಗಳು ಎರಡೆರಡು ನಿಮಿಷದ ಅಂತರದಲ್ಲಿ ಹೊರಡುತ್ತವೆ. ಆ ವ್ಯತ್ಯಾಸವನ್ನು 24 ಗಂಟೆಯ ವಿರಾಮದಲ್ಲೇ ಸರಿದೂಗಿಸ್ತಾರೆ. ಅಂದರೆ ಮೊದಲ ಸ್ಥಾನದಲ್ಲಿ ಕಾಣುವ ಚುಕ್ಕೆ ಇನ್ನೂ ಒಂದು ದಿನದ ಸಾಲ ಹೊತ್ತಿರಬಹುದು. ಹತ್ತನೇ ಸ್ಥಾನದಲ್ಲಿ ನಿಂತಿರುವವರು ಆ ಸಾಲ ತೀರಿಸಿ, ನಾಯಿಗಳಿಗೆ ಹೊಟ್ಟೆ ತುಂಬಾ ಉಣ್ಣಿಸಿ ಮಲಗಿಸಿರಬಹುದು. ಒಂದೊಂದು ನಾಯಿಗೂ ದಿನಕ್ಕೆ ಸುಮಾರು 10,000 ಕ್ಯಾಲರಿ ಬೇಕು ಅನ್ನೋದು ನೆನಪಿರಲಿ. ಹಳೇ ಅಭಿಮಾನಿಗಳು ಯಾರು ಮುಂದಿದ್ದಾರೆ ಅಂತ ಕೇಳಲ್ಲ, ಯಾರ 24 ಗಂಟೆ ಮುಗಿದಿದೆ ಅಂತ ಕೇಳ್ತಾರೆ.

2014ರ ಕೊನೆಯ ರಾತ್ರಿ ಈ ಚುಕ್ಕೆಗಳ ಆಟ ಏನು ಅಂತ ಎಲ್ಲರಿಗೂ ಗೊತ್ತಾಯಿತು. ಮುಂದಿದ್ದ ಜೆಫ್ ಕಿಂಗ್ ಬಿರುಗಾಳಿಗೆ ಸಿಕ್ಕಿ ಕೊನೆಯ ಹಂತದಲ್ಲಿ ರೇಸ್ ಬಿಟ್ಟರು. ಎರಡನೆಯವರಾಗಿದ್ದ ಅಲೀ ಜರ್ಕಲ್ ಸೇಫ್ಟಿ ಎಂಬ ಕಟ್ಟಕಡೆಯ ಚೆಕ್‌ಪಾಯಿಂಟ್‌ನಲ್ಲಿ ಗಾಳಿ ತಗ್ಗಲಿ ಅಂತ ಕಾಯುತ್ತಿದ್ದರು. ಹಿಂದಿನಿಂದ ಬಂದ ಡಲ್ಲಾಸ್ ಸೀವಿ ನಿಲ್ಲದೆ ಮುಂದೆ ಹೋದರು. ತಾನು ಮೂರನೇ ಸ್ಥಾನಕ್ಕೆ ಓಡ್ತಿದ್ದೇನೆ, ಹಿಂದೆ ಕಾಣುವ ದೀಪ ಅಪ್ಪ ಮಿಚ್ ಸೀವಿಯದ್ದು ಅಂತ ಅವರ ನಂಬಿಕೆ. ಅದು ಜರ್ಕಲ್ ಅವರ ದೀಪ. ಎರಡು ನಿಮಿಷ ಚಿಲ್ಲರೆ ಅಂತರದಲ್ಲಿ ಡಲ್ಲಾಸ್ ಗೆದ್ದಾಗ, ಅದನ್ನು ಅವರಿಗೆ ಬೇರೆಯವರು ಹೇಳಬೇಕಾಯಿತು. ಗೆದ್ದವರಿಗಿಂತ ಮೊದಲೇ ಟ್ರ್ಯಾಕರ್ ನೋಡುತ್ತಿದ್ದವರಿಗೆ ವಿಷಯ ಗೊತ್ತಿತ್ತು!

ಹಳ್ಳಿಯಲ್ಲಿ ಅಭಿಮಾನಿ ಅಂದರೆ ಕೆಲಸ

ಆಂಕರೇಜ್‌ನಲ್ಲಿ ನಡೆಯೋದು ಉದ್ಘಾಟನೆಯ ಮೆರವಣಿಗೆ ಮಾತ್ರ. ನಗರದ ಬೀದಿಗೆ ಲಾರಿಗಳಲ್ಲಿ ಹಿಮ ತಂದು ಸುರೀತಾರೆ, ಜನ ಬದಿಯಲ್ಲಿ ನಿಂತು ಕೇಕೆ ಹಾಕ್ತಾರೆ, ಮಷರ್‌ಗಳಿಗೆ ತಿಂಡಿ ಕೊಡ್ತಾರೆ. ಹರಾಜಿನಲ್ಲಿ ದುಡ್ಡು ಕೊಟ್ಟವರು ಸ್ಲೆಡ್‌ನಲ್ಲಿ ಕೂತು ಹೋಗಲೂಬಹುದು. ನಿಜವಾದ ಓಟ ಮಾರನೇ ದಿನ, ನೂರಕ್ಕೂ ಹೆಚ್ಚು ಕಿ.ಮೀ. ಉತ್ತರದ ವಿಲೋ ಎಂಬಲ್ಲಿಂದ ಶುರು.

ಅಲ್ಲಿಂದಾಚೆ ಸಿಗುವ ಹಳ್ಳಿಗಳಿಗೆ ರಸ್ತೆಯೇ ಇಲ್ಲ. ವಿಮಾನ, ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಸ್ನೋಮೊಬೈಲ್. ನೋಮ್‌ನಲ್ಲೇ ಇರೋದು ಮೂರೂವರೆ ಸಾವಿರದಷ್ಟು ಜನ. ಶಾಕ್ಟೂಲಿಕ್, ಕೋಯುಕ್, ಈಲಿಮ್‌ನಂಥ ಊರುಗಳಲ್ಲಿ ಕೆಲವು ನೂರು ಮಂದಿ, ಬಹುಪಾಲು ಮೂಲನಿವಾಸಿಗಳು. ರೇಸ್ ಬಂದಾಗ ಶಾಲೆಯೋ ಸಮುದಾಯ ಭವನವೋ ತೆರೆಯುತ್ತೆ. ಮುಂಚೆಯೇ ವಿಮಾನದಲ್ಲಿ ಬಂದಿಳಿದ ಒಣಹುಲ್ಲು, ನಾಯಿ ಆಹಾರದ ಚೀಲಗಳನ್ನು ಸಾಗಿಸಿ ಜೋಡಿಸಬೇಕು, ನೀರು ಕಾಯಿಸಬೇಕು, ರಾತ್ರಿ ಮೂರು ಗಂಟೆಗೆ ಬಂದ ತಂಡವನ್ನೂ ಎಚ್ಚರವಾಗಿದ್ದು ಬರಮಾಡಿಕೊಳ್ಳಬೇಕು. ಮಕ್ಕಳು ಆಟೋಗ್ರಾಫ್ ಕೇಳ್ತಾರೆ, ಹಿಮದಲ್ಲಿ ಬಿದ್ದ ನಾಯಿಗಳ ಪುಟ್ಟ ಕಾಲುಚೀಲಗಳನ್ನು ಆರಿಸಿ ಜೋಪಾನವಾಗಿ ಇಟ್ಟುಕೊಳ್ತಾರೆ.

ನೋಮ್‌ನಲ್ಲಿ ತಂಡ ಹತ್ತಿರ ಬಂದ ಕೂಡಲೇ ಸೈರನ್ ಕೂಗುತ್ತೆ, ಯಾವ ಹೊತ್ತಾದರೂ ಜನ ಫ್ರಂಟ್ ಸ್ಟ್ರೀಟ್‌ಗೆ ಬರ್ತಾರೆ. ಅಲ್ಲಿ ಹಚ್ಚಿಟ್ಟ ಒಂದು ದೀಪವನ್ನು ಕೊನೆಯ ಮಷರ್ ಬರುವವರೆಗೂ ಆರಿಸಲ್ಲ. ಕೊನೆಗೆ ಬಂದವರಿಗೆ ಕೆಂಪು ಲಾಟೀನು ಪ್ರಶಸ್ತಿ. 1973ರ ಮೊದಲ ರೇಸ್‌ನಲ್ಲಿ ಅದನ್ನು ಪಡೆದವರು ನೋಮ್ ತಲುಪಲು 32 ದಿನ ತಗೊಂಡಿದ್ದರು.

ಆದ್ದರಿಂದ ಇಲ್ಲಿ ಪ್ರೇಕ್ಷಕ, ಸಂಘಟಕ ಅಂತ ಗೆರೆ ಎಳೆಯೋಕಾಗಲ್ಲ. ಅಭಿಮಾನಿಯೇ ಆತಿಥೇಯ. 2021ರಲ್ಲಿ ಇದು ಸ್ಪಷ್ಟವಾಯಿತು. ಕೋವಿಡ್ ಕಾರಣಕ್ಕೆ ಓಟ ನೋಮ್‌ಗೆ ಹೋಗಲೇ ಇಲ್ಲ, ಹಳ್ಳಿಗಳಿಂದ ದೂರವಿದ್ದು ಅರ್ಧ ದಾರಿಯಿಂದ ವಾಪಸ್ ಬಂತು. ಆ ಎಚ್ಚರಿಕೆಯ ಹಿಂದೆ ಇತಿಹಾಸವಿದೆ. 1918ರ ಫ್ಲೂ ನೋಮ್ ಬಳಿಯ ಬ್ರೆವಿಗ್ ಮಿಷನ್ ಎಂಬ ಹಳ್ಳಿಯಲ್ಲಿ 80 ಮಂದಿ ವಯಸ್ಕರ ಪೈಕಿ 72 ಮಂದಿಯನ್ನು ಐದೇ ದಿನದಲ್ಲಿ ಬಲಿ ತಗೊಂಡಿತ್ತು.

ಶುರುವಾದದ್ದು ಪ್ರತಿಮೆಗಾಗಿ ಅಲ್ಲ

ಇಡಿಟರಾಡ್ ಅಂದರೆ 1925ರ ಸೀರಂ ಓಟದ ನೆನಪು ಅನ್ನೋದು ಜನಪ್ರಿಯ ಕಥೆ. ನೋಮ್‌ನಲ್ಲಿ ಗಂಟಲುಮಾರಿ (ಡಿಫ್ತೀರಿಯಾ) ಹರಡಿದಾಗ 20 ಮಂದಿ ಮಷರ್‌ಗಳು ಕೈಯಿಂದ ಕೈಗೆ ದಾಟಿಸುತ್ತಾ ಐದೂವರೆ ದಿನದಲ್ಲಿ 674 ಮೈಲಿ ದೂರ ಔಷಧ ಸಾಗಿಸಿದ್ದು ನಿಜ. ಕೊನೆಯ ಹಂತ ಓಡಿದ ಬಾಲ್ಟೋ ಎಂಬ ನಾಯಿಗೆ ಅದೇ ವರ್ಷ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಪ್ರತಿಮೆ ನಿಂತಿತು. ಅತಿ ಉದ್ದದ, ಅಪಾಯದ ಹಾದಿ ಕ್ರಮಿಸಿದ್ದು ಲಿಯೊನಾರ್ಡ್ ಸೆಪ್ಪಾಲಾ ಮತ್ತವರ ಮುಂದಾಳು ನಾಯಿ ಟೋಗೋ. ಆ ಸರಪಳಿಯಲ್ಲಿದ್ದ ಹಲವು ಮೂಲನಿವಾಸಿ ಮಷರ್‌ಗಳ ಹೆಸರು ಯಾರ ಬಾಯಲ್ಲೂ ಇಲ್ಲ.

ಆದರೆ ರೇಸ್ ಹುಟ್ಟಿದ್ದು ಬೇರೆ ಚಿಂತೆಯಿಂದ. 1960ರ ದಶಕದಲ್ಲಿ ಸ್ನೋಮೊಬೈಲ್ ಬಂತು. ಸೌದೆ, ನೀರು, ಬೇಟೆ ಎಲ್ಲವನ್ನೂ ನಾಯಿಗಳಿಂದ ಎಳೆಸುತ್ತಿದ್ದ ಹಳ್ಳಿಗಳಲ್ಲಿ ನೋಡನೋಡುತ್ತಲೇ ನಾಯಿಗಳು ಮಾಯವಾದವು. ಜೋ ರೆಡಿಂಗ್ಟನ್ ಸೀನಿಯರ್ ಮತ್ತು ಸಂಗಡಿಗರು ನೋಮ್‌ವರೆಗಿನ ಓಟ ಶುರು ಮಾಡಿದ್ದು ಆ ಸಂಸ್ಕೃತಿ ಉಳಿಯಲಿ ಅಂತ. ಅಂದರೆ ರೇಸನ್ನು ಅಳೆಯಬೇಕಾದ ಅಳತೆಗೋಲು ಅದರ ಹುಟ್ಟಿನಲ್ಲೇ ಇದೆ: ಹಳ್ಳಿಯಲ್ಲಿ ನಾಯಿ ಉಳಿಯಿತಾ?

ಕೆಲವು ವರ್ಷ ಉತ್ತರ ಹೌದು ಅನ್ನಿಸುತ್ತೆ. 2011ರಲ್ಲಿ ಜಾನ್ ಬೇಕರ್ ಗೆದ್ದ ಮೊದಲ ಇನುಪಿಯಾಕ್ ಮಷರ್ ಆದರು. 2019ರಲ್ಲಿ ಬೆಥೆಲ್ ಊರಿನ ಪೀಟ್ ಕೈಸರ್ ಗೆದ್ದಾಗ, ಗೆದ್ದ ಮೊದಲ ಯೂಪಿಕ್ ವ್ಯಕ್ತಿಯನ್ನು ನೋಡಲು ಆ ಊರಿನವರು ನೋಮ್‌ನಲ್ಲಿ ಕಾದು ನಿಂತಿದ್ದರು. 2023ರಲ್ಲಂತೂ ಮೊದಲ ಮೂರೂ ಸ್ಥಾನ ಮೂಲನಿವಾಸಿಗಳದ್ದೇ: ರಯಾನ್ ರೆಡಿಂಗ್ಟನ್ (ಜೋ ಅವರ ಮೊಮ್ಮಗ), ಕೈಸರ್, ರಿಚೀ ಡೀಲ್. ಅದೇ 2023ರಲ್ಲಿ ಹೊರಟ ತಂಡಗಳು ಬರೀ 33. ಆವರೆಗಿನ ಅತಿ ಕಡಿಮೆ ಸಂಖ್ಯೆ. 2008ರಲ್ಲಿ 96 ಇದ್ದವು.

ಹಿಮ ಇಲ್ಲ, ಮೀನಿಲ್ಲ, ದುಡ್ಡಿಲ್ಲ

ತಂಡಗಳು ಯಾಕೆ ಕಮ್ಮಿಯಾದವು? ಮೊದಲು ಹಿಮ. ಹಾದಿಯಲ್ಲಿ ಹಿಮ ಸಾಲದೆ ನಿಜವಾದ ಆರಂಭವನ್ನು 2003, 2015, 2017 ಮತ್ತು 2025ರಲ್ಲಿ ಫೇರ್‌ಬ್ಯಾಂಕ್ಸ್‌ಗೆ ಸ್ಥಳಾಂತರಿಸಬೇಕಾಯಿತು. 2016ರಲ್ಲಿ ಉದ್ಘಾಟನೆಗೆ ರೈಲಿನಲ್ಲಿ ಹಿಮ ತರಿಸಿದರು. ದಾರಿ ಬದಲಾದಾಗ ಟಿವಿ ನೋಡುವವರಿಗೆ ಏನೂ ಅನ್ನಿಸಲ್ಲ. ರೇಸ್ ಬರ್ತದೆ ಅಂತ ಸೌದೆ ಕಡಿದಿಟ್ಟ ಹಳ್ಳಿಯ ಪಾಲಿಗೆ ಮಾತ್ರ ಆ ವರ್ಷದ ಹಬ್ಬವೇ ಇಲ್ಲ.

ಎರಡನೆಯದು ಮೀನು. ಯೂಕಾನ್ ನದಿಯ ಹಳ್ಳಿಗಳಲ್ಲಿ ನಾಯಿಗೆ ಹಾಕುತ್ತಿದ್ದುದು ಚಮ್ ಜಾತಿಯ ಸಾಲ್ಮನ್, ಹಿಡಿದು ಒಣಗಿಸಿಟ್ಟಿದ್ದು. ಕಳೆದ ಕೆಲವು ವರ್ಷಗಳಲ್ಲಿ ಆ ಸಾಲ್ಮನ್ ಸಂತತಿ ಕುಸಿದು, ಮನೆ ಬಳಕೆಯ ಮೀನುಗಾರಿಕೆಗೂ ನಿರ್ಬಂಧ ಬಂತು. ಚಿನೂಕ್ ಜಾತಿಯ ಸಾಲ್ಮನ್ ಹಿಡಿಯೋದನ್ನು ಏಳು ವರ್ಷ ನಿಲ್ಲಿಸಲು 2024ರಲ್ಲಿ ಅಲಾಸ್ಕಾ ಮತ್ತು ಕೆನಡಾ ಒಪ್ಪಂದ ಮಾಡಿಕೊಂಡವು. ನದಿ ಕೊಡುತ್ತಿದ್ದ ಆಹಾರದ ಬದಲು ವಿಮಾನದಲ್ಲಿ ಬರುವ ಚೀಲದ ಆಹಾರ ಕೊಳ್ಳಬೇಕಾದರೆ, ಸಾಮಾನ್ಯ ಮನೆಯವರು ಇಪ್ಪತ್ತು ನಾಯಿ ಸಾಕೋದು ಹೇಗೆ? 2024ರಲ್ಲಿ ಗೆದ್ದವರಿಗೆ ಸಿಕ್ಕಿದ್ದೇ 55 ಸಾವಿರ ಡಾಲರ್ ಆಸುಪಾಸು.

ಮೂರನೆಯದು ಪ್ರಾಯೋಜಕರು. ವೆಲ್ಸ್ ಫಾರ್ಗೋ, ಅಲಾಸ್ಕಾ ಏರ್‌ಲೈನ್ಸ್, ಎಕ್ಸಾನ್‌ಮೊಬಿಲ್ ಒಂದೊಂದಾಗಿ ದೂರ ಸರಿದವು. ಇವುಗಳ ಮೇಲೆ ಪ್ರಾಣಿ ಹಕ್ಕುಗಳ ಸಂಸ್ಥೆ ಪೆಟಾ ವರ್ಷಗಟ್ಟಲೆ ಒತ್ತಡ ಹಾಕಿತ್ತು. ಹಿಮ ಕರಗಿಸುವ ಉದ್ಯಮದ ದೊಡ್ಡ ಕಂಪನಿಯೊಂದು ನಾಯಿಗಳ ವಿವಾದದಿಂದ ಕೈತೊಳೆದುಕೊಂಡಿತು ಅನ್ನೋದನ್ನು ಓದಿ ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ಇದಕ್ಕೆ ರೇಡಿಯೊವನ್ನೂ ಸೇರಿಸಿ. ಇಂಟರ್‌ನೆಟ್ ದುಬಾರಿಯಾದ ಹಳ್ಳಿಗಳಲ್ಲಿ ರೇಸ್ ತಲುಪೋದು ಸ್ಥಳೀಯ ರೇಡಿಯೊದಿಂದ. ಬೆಥೆಲ್‌ನ ಕೆವೈಯುಕೆ ಇಂಗ್ಲಿಷ್ ಜೊತೆ ಯೂಪಿಕ್ ಭಾಷೆಯಲ್ಲೂ ಪ್ರಸಾರ ಮಾಡುತ್ತೆ. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಕೊಟ್ಟಿದ್ದ 110 ಕೋಟಿ ಡಾಲರ್ ವಾಪಸ್ ಪಡೆಯಿತು. ಇಂಥ ಕೇಂದ್ರಗಳಿಗೆ ಆದಾಯದ ದೊಡ್ಡ ಪಾಲು ಅದೇ ಆಗಿತ್ತು.

ನಾಯಿ ಸತ್ತಾಗ ಅಭಿಮಾನಿ ಏನು ಹೇಳಬೇಕು?

ಇಷ್ಟು ಹೇಳಿ ನಾಯಿಗಳ ವಿಷಯ ಬಿಟ್ಟರೆ ಅದು ಅಪ್ರಾಮಾಣಿಕತೆ. 2024ರಲ್ಲಿ ಮೂರು ನಾಯಿಗಳು ಓಟದ ಮಧ್ಯೆ ಸತ್ತವು, 2025ರಲ್ಲಿ ಒಂದು. ಈವರೆಗೆ ಸತ್ತ ನಾಯಿಗಳು 150ಕ್ಕೂ ಹೆಚ್ಚು ಅನ್ನೋದು ಪೆಟಾ ಲೆಕ್ಕ. ಸಾವಷ್ಟೇ ಅಲ್ಲ, ವರ್ಷವಿಡೀ ಸರಪಳಿಯಲ್ಲಿ ಕಟ್ಟುವುದು, ಓಟಕ್ಕಾಗಿಯೇ ತಳಿ ಬೆಳೆಸುವುದು ಕೂಡ ತಪ್ಪು ಅಂತ ಆ ಸಂಸ್ಥೆ ವಾದಿಸುತ್ತೆ. ಇನ್ನೊಂದು ಕಡೆಯವರು ಇದು ಸಾವಿರಾರು ವರ್ಷಗಳ ಸಂಬಂಧ, ಈ ನಾಯಿಗಳಿಗೆ ಓಟವೇ ಜೀವ ಅಂತಾರೆ. ಕಂಬಳದ ವಾದಗಳನ್ನು ಕೇಳಿದವರಿಗೆ ಎರಡೂ ಕಡೆಯ ಮಾತಿನ ಧಾಟಿ ಪರಿಚಿತವೇ.

ಪರಂಪರೆ ಅನ್ನೋದು ವಿನಾಯಿತಿ ಪತ್ರ ಅಲ್ಲ. ಹಳ್ಳಿಯವರು ಸೌದೆಗಾಗಿ ನಾಯಿ ಓಡಿಸಿದ್ದಕ್ಕೂ ದಾಖಲೆಗಾಗಿ ಓಡಿಸುವುದಕ್ಕೂ ವ್ಯತ್ಯಾಸವಿದೆ. ಹಾಗಂತ ದೂರದ ನಗರದಿಂದ ಒಂದು ಅರ್ಜಿಗೆ ಸಹಿ ಹಾಕಿದರೆ ಹಳ್ಳಿಯ ನಾಯಿಗೆ ಮೀನು ಸಿಗುವುದೂ ಇಲ್ಲ. ನಡುವೆ ಕೆಲಸ ಮಾಡಿರೋದು ನಿಯಮಗಳು: ಕಡ್ಡಾಯ ವಿಶ್ರಾಂತಿ, ಚೆಕ್‌ಪಾಯಿಂಟ್‌ಗಳಲ್ಲಿ ಪಶುವೈದ್ಯರು, ಸುಸ್ತಾದ ನಾಯಿಯನ್ನು ಅಲ್ಲೇ ಬಿಟ್ಟು ವಿಮಾನದಲ್ಲಿ ವಾಪಸ್ ಕಳಿಸುವ ವ್ಯವಸ್ಥೆ. ನಾಯಿ ಸತ್ತರೆ, ಅದು ಮಷರ್ ಕೈಮೀರಿದ ಹೊರಗಿನ ಕಾರಣದಿಂದ ಅಲ್ಲದಿದ್ದರೆ, ಆ ತಂಡ ಓಟದಿಂದ ಹೊರಗೆ. 2024ರಲ್ಲಿ ನಾಯಿ ಕಳೆದುಕೊಂಡ ಮೂರೂ ತಂಡಗಳು ಹಾಗೇ ಹೊರಬಂದವು. ಇದು ಸಾಲದು ಅನ್ನುವ ಹಕ್ಕು ಮೊದಲು ಇರೋದು ಆ ನಾಯಿಗಳಿಗೆ ಹುಲ್ಲು ಹಾಸುವವರಿಗೆ. ಆ ಮಾತನ್ನು ಗಟ್ಟಿಯಾಗಿ ಹೇಳುವ ಹೊಣೆಯೂ ಅವರದ್ದೇ. ವಿರೋಧಿಗಳು ಕೇಳಿದಾಗ ಮುಖ ತಿರುಗಿಸುವ ಅಭಿಮಾನಿಯಿಂದ ರೇಸ್ ಉಳಿಯಲ್ಲ.

ಮುಂದಿನ ಮಾರ್ಚ್‌ನಲ್ಲಿ ಏನು ನೋಡಬೇಕು?

ಟ್ರ್ಯಾಕರ್ ತೆರೆದರೆ ನಾಲ್ಕು ವಿಷಯ ಗಮನಿಸಿ. ಆರಂಭ ವಿಲೋದಿಂದಲೋ ಫೇರ್‌ಬ್ಯಾಂಕ್ಸ್‌ನಿಂದಲೋ: ಅದು ಹಿಮದ ವರದಿ. ಎಷ್ಟು ತಂಡ ಹೊರಟವು, ಅದರಲ್ಲಿ ರಸ್ತೆಯಿಲ್ಲದ ಹಳ್ಳಿಗಳಿಂದ ಬಂದವು ಎಷ್ಟು: ಅದು ಮೀನು ಮತ್ತು ದುಡ್ಡಿನ ವರದಿ. ಪ್ರತಿ ತಂಡದಲ್ಲಿ ಎಷ್ಟು ನಾಯಿ ಉಳಿದಿವೆ: ಅದು ಮಷರ್‌ನ ಗುಣಪತ್ರ. ಕೊನೆಯದಾಗಿ, ಗೆದ್ದವರು ಬಂದ ಮೇಲೂ ಪುಟ ಮುಚ್ಚಬೇಡಿ. ಹಿಂದಿನ ಚುಕ್ಕೆಗಳು ಇನ್ನೂ ಸಮುದ್ರದ ಮಂಜುಗಡ್ಡೆಯ ಮೇಲೆ ಬರುತ್ತಿರುತ್ತವೆ. ಈಲಿಮ್‌ನಲ್ಲೋ ಕೋಯುಕ್‌ನಲ್ಲೋ ಯಾರೋ ಒಬ್ಬರು ಅವುಗಳಿಗಾಗಿ ನೀರು ಕಾಯಿಸುತ್ತಿರ್ತಾರೆ.