ದೀಪಾವಳಿಯಿಂದ ಪತ್ತನಾಜೆವರೆಗೆ

ಬಂಟ್ವಾಳದ ಕಡೆಯ ಒಂದು ಕಲ್ಯಾಣ ಮಂಟಪ. ಬೆಳಿಗ್ಗೆ ಎಂಟಕ್ಕೇ ಏಪ್ರಿಲ್ ಸೆಕೆ ಬೆನ್ನಿಗೆ ಅಂಗಿಯನ್ನು ಅಂಟಿಸಿದೆ. ಅಡುಗೆಯ ಕಡೆಯಿಂದ ತೆಂಗಿನೆಣ್ಣೆಯ ಒಗ್ಗರಣೆ, ವಧುವಿನ ಕೋಣೆಯಿಂದ ಮಲ್ಲಿಗೆ, ವೇದಿಕೆಯಿಂದ ಹೋಮದ ಹೊಗೆ. ಈ ಮೂರೂ ಬಂದು ಸೇರುವ ಮೂಲೆಯಲ್ಲಿ ಜಮಖಾನ ಹಾಸಿಕೊಂಡು ವಾದ್ಯದವರು ಕೂತಿದ್ದಾರೆ. ಹತ್ತಿರಕ್ಕೆ ಒಂದು ಕುರ್ಚಿ ಎಳೆದುಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ.

ಮಾಸ್ಟ್ರು ಪೆಟ್ಟಿಗೆಯಿಂದ ಸ್ಯಾಕ್ಸೋಫೋನ್ ಎತ್ತಿ ಕುತ್ತಿಗೆಯ ಪಟ್ಟಿಗೆ ಸಿಕ್ಕಿಸಿಕೊಂಡರು. ತೆಳ್ಳಗಿನ ರೀಡನ್ನು ನಾಲಿಗೆಯ ಮೇಲಿಟ್ಟು ನೆನೆಸಿ, ಕಿಟಕಿಯ ಬೆಳಕಿಗೆ ಹಿಡಿದು, ತುದಿ ಸೀಳಿದೆಯೇ ಎಂದು ನೋಡಿದರು. ಒಂದು ಕೀ ಒತ್ತಿದರೆ ಮೇಲೇಳುತ್ತಿಲ್ಲ. ಕರಾವಳಿಯ ತೇವಕ್ಕೆ ಅದರಡಿಯ ಚರ್ಮದ ಪ್ಯಾಡು ಅಂಟಿಕೊಂಡಿದೆ. ಜೇಬಿನಿಂದ ಕಾಗದದ ಚೂರೊಂದನ್ನು ತೆಗೆದು ಪ್ಯಾಡಿನಡಿ ತೂರಿಸಿ, ಒತ್ತಿ, ಮೆಲ್ಲನೆ ಎಳೆದರು. ಕೀ ಟಕ್ಕೆಂದು ಎದ್ದಿತು. ಪಕ್ಕದಲ್ಲಿ ಡೋಲಿನ ಹುಡುಗ ಬಲಗೈ ಬೆರಳುಗಳಿಗೆ ಗಟ್ಟಿ ಟೊಪ್ಪಿಗಳನ್ನು ಒಂದೊಂದಾಗಿ ತೊಡಿಸುತ್ತಿದ್ದಾನೆ.

ಈ ಜಮಖಾನದ ಮೇಲೆ ಹಿಂದೆ ಇನ್ನೊಬ್ಬನಿಗೂ ಜಾಗವಿತ್ತು: ಕೆನ್ನೆ ಉಬ್ಬಿಸಿ ಒಂದೇ ಸ್ವರ ಹಿಡಿದು ಕೂರುವ ಒತ್ತಿನವನಿಗೆ. ಈಗ ಅಲ್ಲಿ ಶ್ರುತಿಪೆಟ್ಟಿಗೆ ಗುಂಯ್‌ಗುಡುತ್ತಿದೆ. ಅದಕ್ಕೆ ಊಟ ಬೇಡ, ಪಾಲೂ ಬೇಡ. ಎಷ್ಟೋ ದೇವಸ್ಥಾನಗಳಲ್ಲಿ ಮಂಗಳಾರತಿ ಹೊತ್ತಿಗೆ ಸ್ವಿಚ್ಚು ಒತ್ತಿದರೆ ನಗಾರಿ, ಗಂಟೆ ತಾವಾಗಿ ಬಡಿದುಕೊಳ್ಳುತ್ತವೆ. (ಆ ಗದ್ದಲ ಕೇಳಿದಾಗಲೆಲ್ಲ ನನಗೆ ದೇವರ ಮೇಲೇ ಕನಿಕರ ಹುಟ್ಟುತ್ತದೆ.) ಹೋದದ್ದು ಒಬ್ಬನ ಕೂಲಿ ಮಾತ್ರವಾಗಿದ್ದರೆ ಹೇಗೋ ಸೈರಿಸಬಹುದಿತ್ತು. ಒತ್ತು ಊದುತ್ತ ಕೂತ ಹುಡುಗರೇ ವರ್ಷಗಟ್ಟಲೆ ರಾಗ ಕಿವಿಗೆ ಹಾಕಿಕೊಂಡು ನಾಳೆಯ ಮಾಸ್ಟ್ರಾಗುತ್ತಿದ್ದರು. ಕಸುಬು ಹತ್ತುವ ಮೊದಲ ಮೆಟ್ಟಿಲೇ ಕಳಚಿಬಿತ್ತು.

ಪುರೋಹಿತರ ಕೈ ಮೇಲೇರಿತು. “ಗಟ್ಟಿಮೇಳ, ಗಟ್ಟಿಮೇಳ!” ಡೋಲು ಗುಡುಗಿತು, ಸ್ಯಾಕ್ಸೋಫೋನ್ ತಾರಕ್ಕೆ ಜಿಗಿಯಿತು, ಅಕ್ಷತೆ ಹಾರಿತು.

ಈ ಪರದೇಶಿ ವಾದ್ಯ ತುಳುನಾಡಿನ ಧಾರೆಗೆ ಇಷ್ಟು ಒಗ್ಗಿದ್ದರ ಹಿಂದೆ ಇದೇ ತಾಲೂಕಿನವರೊಬ್ಬರಿದ್ದಾರೆ. ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ತಂದೆ ನಾಗಸ್ವರ ನುಡಿಸುತ್ತಿದ್ದರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತರು. ಕೀಗಳ ನಡುವೆ ಸಿಗದ ಗಮಕವನ್ನು ತುಟಿ, ಉಸಿರುಗಳಿಂದ ಹೊರಡಿಸಲು ವರ್ಷಗಟ್ಟಲೆ ಹೆಣಗಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ತೀರಿಕೊಂಡರು. ಅವರನ್ನು ನೋಡಿ ಕರಾವಳಿಯ ಹುಡುಗರು, ಆಮೇಲಾಮೇಲೆ ಹುಡುಗಿಯರೂ, ಸ್ಯಾಕ್ಸೋಫೋನ್ ಕೈಗೆತ್ತಿಕೊಂಡರು. ಕಛೇರಿಯಲ್ಲೇ ಬದುಕು ಕಟ್ಟಿಕೊಂಡವರು ಕೆಲವರು. ಉಳಿದವರ ಒಲೆ ಉರಿಸಿದ್ದು ಮದುವೆ, ದೇವರ ಬಲಿ, ದೈವದ ನೇಮ.

ಊಟದ ಎಲೆಯ ಮುಂದೆ ಮಾಸ್ಟ್ರ ಫೋನು ಮತ್ತೆ ಮತ್ತೆ ಕರೆಯುತ್ತಿದೆ. “ಇಪ್ಪತ್ತೊಂದಕ್ಕೆ ನೇಮ ಉಂಟು ಮಾರಾಯ್ರೇ. ಇಪ್ಪತ್ತೆರಡು ಖಾಲಿ. ಎಷ್ಟು ಜನ ಬೇಕು, ಹೇಳಿ.” ಒಂದೇ ಮುಹೂರ್ತಕ್ಕೆ ಎರಡು ಮೂರು ಕಡೆಯಿಂದ ಕರೆ ಬರುವ ಕಾಲವಿದು. ದೀಪಾವಳಿಗೆ ಶುರುವಾದ ಈ ಸುಗ್ಗಿ ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ಮುಗಿಯುತ್ತದೆ. ಆಮೇಲೆ ನೇಮವಿಲ್ಲ, ಜಾತ್ರೆಯಿಲ್ಲ. ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಮನೆಪಾಠ, ಆಕಾಶವಾಣಿಯ ಗ್ರೇಡ್ ಇದ್ದವರಿಗೆ ಆಗೊಮ್ಮೆ ಈಗೊಮ್ಮೆ ಒಂದು ರೆಕಾರ್ಡಿಂಗ್, ಚೌತಿಯ ಪೆಂಡಾಲು – ಇಷ್ಟರಲ್ಲೇ ಮಳೆಗಾಲ ದಾಟಬೇಕು. ತಿಂಗಳ ಸಂಬಳ ಬೇಕೆಂದರೆ ಪೊಲೀಸ್ ಬ್ಯಾಂಡೋ ಸೇನೆಯ ಬ್ಯಾಂಡೋ ಸೇರಬೇಕು. ಅಲ್ಲಿ ಖಾಲಿ ಕುರ್ಚಿಗಳು ಅಪರೂಪ. ಎಷ್ಟು ಚೆನ್ನಾಗಿ ನುಡಿಸುತ್ತಾರೆ ಎನ್ನುವಷ್ಟೇ, ಯಾವ ಪುರೋಹಿತರಲ್ಲಿ, ಯಾವ ಗುತ್ತಿನ ಮನೆಯಲ್ಲಿ ಅವರ ನಂಬರಿದೆ ಎನ್ನುವುದೂ ಈ ಕಸುಬಿನಲ್ಲಿ ಲೆಕ್ಕಕ್ಕೆ ಬರುತ್ತದೆ.

“ಮಗನಿಗೆ ಕಲಿಸಿದ್ದೀರಾ?” ಎಂದು ಕೇಳಿದೆ.

“ಕಲಿಸಿದ್ದೇನೆ. ಐಟಿಐಯೂ ಮಾಡಿಸಿದ್ದೇನೆ. ಯಾವುದು ಕೈ ಹಿಡಿಯುತ್ತದೆ, ನೋಡುವ.”

ಡೋಲಿನ ಹುಡುಗನೇ ಆ ಮಗ. ಪಾಯಸ ಮುಗಿಸಿದವನು ಒಂದು ಕೈಯಲ್ಲಿ ಫೋನು ಹಿಡಿದು, ವರನ ಗೆಳೆಯರು ಕೇಳಿದ ಹೊಸ ಸಿನಿಮಾ ಹಾಡು ಹುಡುಕುತ್ತಿದ್ದ.